ಕ್ಲೇರ್ ಕಾನ್ರಾಯ್ ಮೊಕದ್ದಮೆ: ನ್ಯೂಜೆರ್ಸಿಯಲ್ಲಿ ಒಂದು ಸಾವು, ಅದರ ಹಿಂದುಮುಂದು

1983ರ ಫೆಬ್ರವರಿ 15ರಂದು ನ್ಯೂಜೆರ್ಸಿಯ ಬ್ಲೂಮ್‌ಫೀಲ್ಡ್ ಪಟ್ಟಣದ ನರ್ಸಿಂಗ್ ಹೋಮ್ ಒಂದರಲ್ಲಿ ಕ್ಲೇರ್ ಕಾನ್ರಾಯ್ ಎಂಬ 84 ವರ್ಷದ ವೃದ್ಧೆ ತೀರಿಕೊಂಡರು. ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ್ದ ಆಹಾರದ ನಳಿಕೆ ಆಗಲೂ ಹಾಗೆಯೇ ಇತ್ತು. ಅದನ್ನು ತೆಗೆಯಬಹುದೆಂದು ಹದಿಮೂರು ದಿನಗಳ ಹಿಂದೆಯಷ್ಟೇ ಒಬ್ಬ ನ್ಯಾಯಾಧೀಶರು ತೀರ್ಪು ನೀಡಿದ್ದರು. ಮೇಲ್ಮನವಿ ಸಲ್ಲಿಕೆಯಾದ್ದರಿಂದ ಆ ತೀರ್ಪು ಜಾರಿಗೆ ಬರಲಿಲ್ಲ. ವ್ಯಕ್ತಿ ತೀರಿಕೊಂಡ ಮೇಲೆ ಮೊಕದ್ದಮೆಯೂ ಮುಗಿಯಬೇಕಿತ್ತು. ಆದರೆ ಅದು ಇನ್ನೂ ಎರಡು ವರ್ಷ ನಡೆಯಿತು. ಈ ರಾಜ್ಯದಲ್ಲಿ ನಮ್ಮ ತಂದೆತಾಯಿಯರ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಯಾರು, ಹೇಗೆ ನಿರ್ಧರಿಸಬೇಕು ಎಂಬ ವಿಚಾರದಲ್ಲಿ ಇಂದಿಗೂ ಆ ಮೊಕದ್ದಮೆಯ ನೆರಳಿದೆ.

ಮೊದಲಿಗೆ ಒಂದು ಶಬ್ದದ ಸ್ಪಷ್ಟೀಕರಣ ಅಗತ್ಯ. ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೋ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ಇಲ್ಲಿ ಹಾಗಲ್ಲ. ತಾವಾಗಿ ಏಳಲು, ಉಣ್ಣಲು, ಸ್ನಾನ ಮಾಡಲು ಆಗದ ವೃದ್ಧರು ಉಳಿದ ಆಯುಷ್ಯವನ್ನು ಕಳೆಯುವ ಸ್ಥಳ ಅದು. ವೈದ್ಯರು ದಿನವೂ ಬರುವುದಿಲ್ಲ. ಆರೈಕೆಯ ಬಹುಭಾಗ ದಾದಿಯರ ಮತ್ತು ಸಹಾಯಕಿಯರ ಕೈಯಲ್ಲಿರುತ್ತದೆ. ಕಾನ್ರಾಯ್ ತೀರ್ಪಿನ ತಿರುಳೇ ಈ ವ್ಯತ್ಯಾಸದಲ್ಲಿದೆ ಎಂದು ನನಗನಿಸುತ್ತದೆ.

ಕಾನ್ರಾಯ್ ಅವರ ಬದುಕಿನ ಬಗ್ಗೆ ನ್ಯಾಯಾಲಯದ ಕಡತದಲ್ಲಿ ಇರುವುದು ಕೆಲವೇ ಸಾಲು. ಬಾಲ್ಯದಿಂದ ನರ್ಸಿಂಗ್ ಹೋಮ್ ಸೇರುವವರೆಗೂ ಬೆಲ್ವಿಲ್ ಊರಿನ ಒಂದೇ ಮನೆಯಲ್ಲಿ ಅವರು ಬಾಳಿದ್ದರು. ಹದಿಹರೆಯದಿಂದ ನಿವೃತ್ತಿಯವರೆಗೂ ಒಂದೇ ಸೌಂದರ್ಯವರ್ಧಕ ಕಂಪನಿಯಲ್ಲಿ ದುಡಿದಿದ್ದರು. ಮದುವೆಯಾಗಿರಲಿಲ್ಲ, ಗೆಳೆಯರು ಕಡಿಮೆ. ಪ್ರಾಣಕ್ಕೆ ಪ್ರಾಣವಾಗಿದ್ದ ಮೂವರು ಸಹೋದರಿಯರೂ ಮೊದಲೇ ತೀರಿಹೋಗಿದ್ದರು. ರಕ್ತಸಂಬಂಧವೆಂದು ಉಳಿದವನು ಒಡಹುಟ್ಟಿದವರ ಮಗನೊಬ್ಬನೇ. 1979ರಲ್ಲಿ ಆಕೆಗೆ ಸ್ವಂತ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯವಿಲ್ಲವೆಂದು ನ್ಯಾಯಾಲಯ ಘೋಷಿಸಿ, ಅವನನ್ನು ಕಾನೂನು ಪಾಲಕನನ್ನಾಗಿ ನೇಮಿಸಿತು. ಮಿದುಳಿನ ಕ್ಷಯದಿಂದಾಗಿ ಆಗಾಗ ಗೊಂದಲಕ್ಕೆ ಒಳಗಾಗುತ್ತಿದ್ದ ಆಕೆಯನ್ನು ಅವನೇ ಬ್ಲೂಮ್‌ಫೀಲ್ಡಿಗೆ ಸೇರಿಸಿದ.

1982ರ ಜುಲೈನಲ್ಲಿ ಜ್ವರ ಮತ್ತು ನಿರ್ಜಲೀಕರಣದಿಂದ ಆಸ್ಪತ್ರೆಗೆ ಒಯ್ದಾಗ ಎಡಗಾಲು ಕೊಳೆಯುತ್ತಿರುವುದು ಕಂಡಿತು. ಕಾಲು ತೆಗೆಯದಿದ್ದರೆ ಬದುಕುವುದಿಲ್ಲವೆಂದು ಇಬ್ಬರು ಮೂಳೆತಜ್ಞರು ಹೇಳಿದರು. ಪಾಲಕ ಒಪ್ಪಲಿಲ್ಲ. ಆಕೆ ಜೀವಮಾನವಿಡೀ ವೈದ್ಯರಿಗೆ ಹೆದರಿ ದೂರವಿದ್ದವರು, ಇದನ್ನು ಖಂಡಿತ ಬೇಡವೆನ್ನುತ್ತಿದ್ದರು ಎಂಬುದು ಅವನ ವಾದ. ತಜ್ಞರ ಮಾತು ಹುಸಿಯಾಯಿತು. ಆ ಕಾಲಿನಿಂದ ಆಕೆ ಸಾಯಲಿಲ್ಲ. (ಮುನ್ಸೂಚನೆ ಹೇಳುವಾಗ ನಮ್ಮ ವೃತ್ತಿಯವರು ಎಷ್ಟು ತಗ್ಗಿ ಮಾತನಾಡಿದರೂ ಕಡಿಮೆಯೇ.) ಆದರೆ ಅದೇ ಆಸ್ಪತ್ರೆವಾಸದಲ್ಲಿ, ಬಾಯಿಂದ ಸಾಕಷ್ಟು ಉಣ್ಣುತ್ತಿಲ್ಲವೆಂದು ಮೂಗಿನ ನಳಿಕೆ ಹಾಕಲಾಯಿತು. ಭಾರತದ ವಾರ್ಡುಗಳಲ್ಲಿ ನಾವು ರೈಲ್ಸ್ ಟ್ಯೂಬ್ ಎನ್ನುವಂಥದು. ಅಕ್ಟೋಬರಿನಲ್ಲಿ ಅದನ್ನು ತೆಗೆದು ಎರಡು ವಾರ ಕೈತುತ್ತು ತಿನ್ನಿಸಲು ಯತ್ನಿಸಿದರು, ಸಾಲಲಿಲ್ಲ. ಮತ್ತೆ ನಳಿಕೆ ಹಾಕಿ ನರ್ಸಿಂಗ್ ಹೋಮಿಗೆ ಮರಳಿ ಕಳುಹಿಸಿದರು.

ಅಲ್ಲಿಗೆ ಮರಳಿದ ಮೇಲೆ ಆಕೆಯ ಸ್ಥಿತಿ ಹೇಗಿತ್ತೆಂಬುದನ್ನು ತೀರ್ಪು ವಿವರವಾಗಿ ದಾಖಲಿಸಿದೆ. ಗರ್ಭಸ್ಥ ಶಿಶುವಿನಂತೆ ಮುದುಡಿ ಮಲಗಿರುತ್ತಿದ್ದರು. ಮಾತಿಲ್ಲ. ಹೃದಯರೋಗ, ಮಧುಮೇಹ, ಅಧಿಕ ರಕ್ತದೊತ್ತಡ, ಮೊಣಕಾಲಿನವರೆಗೆ ಕೊಳೆತ ಎಡಗಾಲು, ಮೈಮೇಲೆ ಹಾಸಿಗೆ ಹುಣ್ಣುಗಳು, ಮೂತ್ರಕ್ಕೊಂದು ನಳಿಕೆ. ಪಟ್ಟಿ ಬದಲಿಸುವಾಗ, ಹೊರಳಿಸುವಾಗ ನರಳುತ್ತಿದ್ದರು. ಕೈಗೆಟುಕಿದರೆ ಪಟ್ಟಿಯನ್ನೂ ನಳಿಕೆಯನ್ನೂ ಎಳೆಯುತ್ತಿದ್ದರು. ಕೆಲವೊಮ್ಮೆ ಕಣ್ಣು ಜನರನ್ನು ಹಿಂಬಾಲಿಸುತ್ತಿತ್ತು. ತಲೆ ಬಾಚಿದಾಗ, ಮೈ ನೇವರಿಸಿದಾಗ ಒಮ್ಮೊಮ್ಮೆ ನಗುತ್ತಿದ್ದರು.

ಈ ನಗುವೇ ಮೊಕದ್ದಮೆಯನ್ನು ಜಟಿಲಗೊಳಿಸಿತು. ಏಳು ವರ್ಷ ಹಿಂದೆ, 1976ರಲ್ಲಿ, ಇದೇ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕ್ಯಾರೆನ್ ಆ್ಯನ್ ಕ್ವಿನ್ಲನ್ ಎಂಬ ಯುವತಿಯ ಉಸಿರಾಟದ ಯಂತ್ರವನ್ನು ತೆಗೆಯಲು ತಂದೆಗೆ ಅವಕಾಶ ಕೊಟ್ಟಿತ್ತು. ಆದರೆ ಕ್ವಿನ್ಲನ್ ಅರಿವೇ ಇಲ್ಲದ ಸ್ಥಿತಿಯಲ್ಲಿದ್ದರು. ಕಾನ್ರಾಯ್‌ಗೆ ಮಸುಕಾಗಿಯಾದರೂ ಅರಿವಿತ್ತು. ಯಂತ್ರದ ಬದಲು ಇಲ್ಲಿ ಪ್ರಶ್ನೆಯಲ್ಲಿದ್ದದ್ದು ಆಹಾರ ಮತ್ತು ನೀರು.

ಪಾಲಕ ನಳಿಕೆ ತೆಗೆಯಲು ಕೋರಿದಾಗ ವೈದ್ಯರು ನಿರಾಕರಿಸಿದರು. 1983ರ ಜನವರಿ 24ರಂದು ಅವನು ನ್ಯಾಯಾಲಯಕ್ಕೆ ಹೋದ. ಆಕೆಯ ಪರವಾಗಿ ವಾದಿಸಲು ನ್ಯಾಯಾಲಯವೇ ಒಬ್ಬ ಪ್ರತ್ಯೇಕ ವಕೀಲರನ್ನು ನೇಮಿಸಿತು. ಅವರು ನಳಿಕೆ ಉಳಿಯಬೇಕೆಂದರು. ಕ್ಯಾಥೊಲಿಕ್ ನೀತಿಶಾಸ್ತ್ರ ಬೋಧಿಸುವ ಪಾದ್ರಿಯೊಬ್ಬರು ನಳಿಕೆ ತೆಗೆಯುವುದು ಅನೈತಿಕವಲ್ಲವೆಂದು ಸಾಕ್ಷಿ ನುಡಿದರು. ನರ್ಸಿಂಗ್ ಹೋಮಿನ ಮೇಲ್ವಿಚಾರಕಿ ಒಪ್ಪಲಿಲ್ಲ. ಆಕೆಗೆ ನೋವಾಗುತ್ತಿದೆಯೇ ಎಂಬುದಕ್ಕೆ ವೈದ್ಯರಿಂದ ಒಂದೇ ಉತ್ತರ ಬರಲಿಲ್ಲ. ನಳಿಕೆ ತೆಗೆಯಲು ಫೆಬ್ರವರಿ 2ರಂದು ಅನುಮತಿ ದೊರೆಯಿತು. ಆಕೆ ತೀರಿಕೊಂಡ ಬಳಿಕ, ಅದೇ ಬೇಸಿಗೆಯಲ್ಲಿ ಮೇಲ್ಮನವಿ ಪೀಠ ಆ ತೀರ್ಪನ್ನು ರದ್ದುಮಾಡಿ, ಹಾಗೆ ಮಾಡುವುದು ಕೊಲ್ಲುವುದಕ್ಕೆ ಸಮವೆಂದು ಹೇಳಿತು.

ಆಹಾರದ ವಿಚಾರದಲ್ಲಿ ಆ ಪೀಠಕ್ಕೆ ಅನಿಸಿದ್ದು ನಮ್ಮಲ್ಲಿ ಬಹುತೇಕರಿಗೆ ಅನಿಸುವುದೇ. ಪ್ರಾಣ ಹೋಗುವಾಗ ಬಾಯಿಗೆ ತುಳಸಿಯ ನೀರು ಬಿಡುವ ಸಂಸ್ಕಾರದಲ್ಲಿ ಬೆಳೆದವರಿಗೆ ಅನ್ನ ನೀರು ನಿಲ್ಲಿಸುವ ಮಾತನ್ನು ಕೇಳುವುದೂ ಕಷ್ಟ. ಆದರೆ ತುಟಿಗೆ ತಾಗಿಸುವ ಆ ಚಮಚ ನೀರು ಬೇರೆ, ಕೈ ಕಟ್ಟಿಹಾಕಿ ಮೂಗಿನಿಂದ ಹೊಟ್ಟೆಗೆ ಪಂಪಿನಲ್ಲಿ ಬಿಡುವ ದ್ರವ ಬೇರೆ ಎಂಬುದು ಇಷ್ಟು ವರ್ಷ ವೃದ್ಧರನ್ನು ನೋಡಿಕೊಂಡು ಬಂದ ನನ್ನ ಅಭಿಪ್ರಾಯ. ಮರೆವಿನ ರೋಗದ ಕೊನೆಯ ಹಂತದಲ್ಲಿ ಹಸಿವು ತಾನಾಗಿ ಇಂಗುತ್ತದೆ. ಆ ಹಂತದಲ್ಲಿ ನಳಿಕೆಗಿಂತ ಎಚ್ಚರದಿಂದ ಕೊಡುವ ಕೈತುತ್ತೇ ಮೇಲೆಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘವೂ ಇಂದು ಹೇಳುತ್ತದೆ. ಕಾನ್ರಾಯ್ ಕಾಲಕ್ಕೆ ಗಾಳಿ ಬೇರೆ ದಿಕ್ಕಿನಲ್ಲಿತ್ತು. ಹೊಟ್ಟೆಯ ಚರ್ಮದ ಮೂಲಕವೇ ನಳಿಕೆ ಕೂರಿಸುವ ಸುಲಭ ವಿಧಾನ 1980ರಲ್ಲಿ ಪ್ರಕಟವಾಗಿ, ನಳಿಕೆ ಹಾಕುವುದು ಎಲ್ಲೆಡೆ ರೂಢಿಯಾಗತೊಡಗಿತ್ತು.

1985ರ ಜನವರಿ 17ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ಸಿಡ್ನಿ ಶ್ರೈಬರ್. ಇಂಥ ಪ್ರಸಂಗಗಳು ಮತ್ತೆ ಮತ್ತೆ ಬರುವುದರಿಂದ, ವ್ಯಕ್ತಿ ಬದುಕಿಲ್ಲದಿದ್ದರೂ ಪ್ರಶ್ನೆಗೆ ಉತ್ತರ ಕೊಡುವುದು ಅಗತ್ಯವೆಂದು ನ್ಯಾಯಾಲಯ ಭಾವಿಸಿತು. ನಳಿಕೆಯ ಆಹಾರವೂ ವೈದ್ಯಕೀಯ ಚಿಕಿತ್ಸೆಯೇ ಎಂದಿತು. ಚಿಕಿತ್ಸೆಯನ್ನು ಆರಂಭಿಸದಿರುವುದಕ್ಕೂ ಆರಂಭಿಸಿದ್ದನ್ನು ನಿಲ್ಲಿಸುವುದಕ್ಕೂ ಭೇದ ಎಣಿಸಲಿಲ್ಲ. ಒಮ್ಮೆ ಹಾಕಿದರೆ ತೆಗೆಯುವಂತಿಲ್ಲ ಎಂದಾದರೆ ಹಾಕಿ ನೋಡಲೂ ವೈದ್ಯರು ಹಿಂಜರಿದಾರು ಎಂಬ ಕಾರಣ ನನಗೆ ಬಹಳ ಸಮಂಜಸವೆನಿಸಿದೆ.

ನ್ಯಾಯಾಲಯ ಮೂರು ಅಳತೆಗೋಲುಗಳನ್ನು ಕೊಟ್ಟಿತು. ರೋಗಿ ಚಿಕಿತ್ಸೆಯನ್ನು ನಿರಾಕರಿಸುತ್ತಿದ್ದರೆಂದು ಸ್ಪಷ್ಟವಾಗಿ ತಿಳಿದಿದ್ದರೆ ಅದೇ ಅಂತಿಮ. ಅಷ್ಟು ಸ್ಪಷ್ಟವಿಲ್ಲದೆ, ವಿಶ್ವಾಸಾರ್ಹವಾದ ಸ್ವಲ್ಪ ಪುರಾವೆಯಷ್ಟೇ ಇದ್ದರೆ, ಬದುಕಿನ ನೋವು ಅದರ ಸುಖವನ್ನು ನಿಚ್ಚಳವಾಗಿ ಮೀರಿರಬೇಕು. ಯಾವ ಪುರಾವೆಯೂ ಇಲ್ಲದಿದ್ದಲ್ಲಿ, ಚಿಕಿತ್ಸೆ ಮುಂದುವರಿಸುವುದೇ ಅಮಾನವೀಯ ಎನಿಸುವಷ್ಟು ತೀವ್ರವಾದ, ತಪ್ಪಿಸಲಾಗದ ನೋವು ಇರಬೇಕು. ನೋವೊಂದನ್ನೇ ತಕ್ಕಡಿಯಲ್ಲಿಡುವುದು ಸಾಲದು, ಘನತೆಗೂ ಸ್ಥಾನ ಬೇಕೆಂದು ನ್ಯಾಯಮೂರ್ತಿ ಹ್ಯಾಂಡ್ಲರ್ ಭಿನ್ನಮತ ಬರೆದರು. ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ.

ನರ್ಸಿಂಗ್ ಹೋಮಿನ ನಿವಾಸಿಗಳಿಗೆ ಇನ್ನೊಂದು ಕಾವಲನ್ನೂ ವಿಧಿಸಲಾಯಿತು. ಅವರಲ್ಲಿ ಎಷ್ಟೋ ಮಂದಿಗೆ ಹತ್ತಿರದ ಬಂಧುಗಳಿಲ್ಲ. ಅಂಥ ಸಂಸ್ಥೆಗಳಲ್ಲಿ ವೃದ್ಧರನ್ನು ಕಡೆಗಣಿಸಿದ ಪ್ರಕರಣಗಳು ಆಗ ಸಾಕಷ್ಟು ಬಯಲಾಗಿದ್ದವು. ಆದ್ದರಿಂದ ಚಿಕಿತ್ಸೆ ನಿಲ್ಲಿಸುವ ಮೊದಲು ಸಂಸ್ಥೆಗಳಲ್ಲಿರುವ ವೃದ್ಧರ ಹಿತ ಕಾಯುವ ಸರಕಾರಿ ಓಂಬುಡ್ಸ್‌ಮನ್‌ಗೆ ತಿಳಿಸಬೇಕು. ಆ ಸಂಸ್ಥೆಗೆ ಸಂಬಂಧಪಡದ ಇಬ್ಬರು ವೈದ್ಯರು ರೋಗಿಯ ಸ್ಥಿತಿಯನ್ನು ದೃಢೀಕರಿಸಬೇಕು. ಪಾಲಕನ ಸಹಿಯೊಂದೇ ಸಾಲದು.

ಈ ಅಳತೆಗೋಲುಗಳನ್ನು ಕಾನ್ರಾಯ್ ಅವರಿಗೇ ಅನ್ವಯಿಸಿ ನೋಡಿದಾಗ, ಪುರಾವೆ ಸಾಲದೆಂದು ನ್ಯಾಯಾಲಯ ಕಂಡುಕೊಂಡಿತು. ಆಕೆ ಬದುಕಿದ್ದರೆ ಆ ದಾಖಲೆಗಳ ಆಧಾರದ ಮೇಲೆ ನಳಿಕೆ ತೆಗೆಯಲು ಅನುಮತಿ ಸಿಗುತ್ತಿರಲಿಲ್ಲ. ಆಕೆ ವೈದ್ಯರಿಗೆ ಹೆದರುತ್ತಿದ್ದರೆಂಬುದು ಗೊತ್ತಿತ್ತು. ಇಂಥ ಸ್ಥಿತಿಯಲ್ಲಿ ಏನನ್ನು ಬಯಸುತ್ತಿದ್ದರೆಂಬುದು ಗೊತ್ತಿರಲಿಲ್ಲ. 50 ವರ್ಷಕ್ಕೂ ಮೇಲ್ಪಟ್ಟು ಆಕೆಯನ್ನು ಬಲ್ಲ ಪಾಲಕನಿಗೂ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಎರಡು ವರ್ಷದ ಬಳಿಕ, 1987ರಲ್ಲಿ, ಹಿಲ್ಡಾ ಪೀಟರ್ ಎಂಬ 65 ವರ್ಷದ ನರ್ಸಿಂಗ್ ಹೋಮ್ ನಿವಾಸಿಯ ವಿಚಾರದಲ್ಲಿ ಇದೇ ನ್ಯಾಯಾಲಯ ನಳಿಕೆ ತೆಗೆಯಲು ಒಪ್ಪಿತು. ಆಕೆ ಅರಿವಿಲ್ಲದ ಸ್ಥಿತಿಯಲ್ಲಿದ್ದರು. ಜೊತೆಗೆ, ಚೆನ್ನಾಗಿರುವಾಗಲೇ ತನ್ನ ಚಿಕಿತ್ಸೆಯ ನಿರ್ಧಾರಗಳನ್ನು ಆಪ್ತ ಗೆಳೆಯನಿಗೆ ಅಧಿಕಾರಪತ್ರದ ಮೂಲಕ ಒಪ್ಪಿಸಿದ್ದರು.

ಭಾರತದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದದ್ದು ನಮ್ಮವರೇ ಒಬ್ಬರ ಮೂಲಕ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿ. 1973ರ ನವೆಂಬರಿನಲ್ಲಿ ನಡೆದ ಕ್ರೂರ ದೌರ್ಜನ್ಯದ ಬಳಿಕ ಅವರು ಮತ್ತೆ ಮೊದಲಿನಂತಾಗಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ದಾದಿಯರು ಅವರನ್ನು ಉಣಿಸಿ, ಮೀಯಿಸಿ ನೋಡಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ಮಾತನಾಡುವ ಹಕ್ಕನ್ನು ಅರ್ಜಿದಾರರಿಗೆ ಕೊಡದೆ ಆ ಆಸ್ಪತ್ರೆಯ ಸಿಬ್ಬಂದಿಗೆ ಕೊಟ್ಟಿತು. ಅವರು ಅರುಣಾ ಬದುಕಲಿ ಎಂದರು. ಮುಂಚಿತವಾಗಿ ಬರೆದಿಡುವ ಉಯಿಲಿಗೆ ಅಲ್ಲಿ ಮಾನ್ಯತೆ ದೊರೆತದ್ದು 2018ರ ಮಾರ್ಚ್ 9ರ ತೀರ್ಪಿನಿಂದ. 2023ರಲ್ಲಿ ಅದರ ವಿಧಿವಿಧಾನ ಸರಳವಾಯಿತು.

ಕಾನ್ರಾಯ್ ತೀರ್ಪಿನ ಇನ್ನೊಂದು ಭಾಗವನ್ನು ನಮ್ಮ ಕುಟುಂಬಗಳು ತಿಳಿದಿರಬೇಕು. ಆಡುಮಾತೂ ಪುರಾವೆಯೇ ಎಂದು ನ್ಯಾಯಾಲಯ ಒಪ್ಪಿತು. ಕ್ವಿನ್ಲನ್ ತೀರ್ಪಿನಲ್ಲಿ ಗೆಳತಿಯರೊಡನೆ ಆಡಿದ ಮಾತನ್ನು ತಳ್ಳಿಹಾಕಿದ್ದು ತಪ್ಪೆಂದೂ ಹೇಳಿತು. ಆದರೆ ಆ ಮಾತನ್ನು ಎಷ್ಟು ಹಿಂದೆ ಆಡಿದ್ದು, ಎಷ್ಟು ಸಲ ಆಡಿದ್ದು, ಎಷ್ಟು ಯೋಚಿಸಿ, ಎಷ್ಟು ನಿರ್ದಿಷ್ಟವಾಗಿ ಆಡಿದ್ದು ಎಂಬುದರ ಮೇಲೆ ಅದರ ತೂಕ. ‘ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕಪ್ಪ’ ಎಂದು ಊಟದ ನಡುವೆ ಅಮ್ಮ ಹೇಳುವ ಮಾತು ಈ ಲೆಕ್ಕದಲ್ಲಿ ಬಹಳ ಹಗುರ. ನಳಿಕೆ ಬೇಕೇ, ಉಸಿರಾಟದ ಯಂತ್ರ ಬೇಕೇ, ತನ್ನ ಪರವಾಗಿ ಹೇಳಬೇಕಾದವರು ಹಿರಿಯ ಮಗನೋ ಎಡಿಸನ್‌ನಲ್ಲಿರುವ ಮಗಳೋ ಎಂದು ಆ ಮಾತಿನಿಂದ ಯಾರಿಗೂ ತಿಳಿಯದು.

ನ್ಯೂಜೆರ್ಸಿ 1991ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿತು. ತನ್ನ ಪರವಾಗಿ ಮಾತನಾಡುವವರನ್ನು ಹೆಸರಿಸಬಹುದು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು, ಎರಡನ್ನೂ ಮಾಡಬಹುದು. ಇಬ್ಬರು ವಯಸ್ಕ ಸಾಕ್ಷಿಗಳ ಅಥವಾ ನೋಟರಿಯ ಮುಂದೆ ಸಹಿಯಾದರೆ ಸಾಕು. ಪ್ರತಿನಿಧಿಯಾಗಿ ಹೆಸರಿಸಿದವರು ಸಾಕ್ಷಿ ಹಾಕುವಂತಿಲ್ಲ. ಇಂಗ್ಲಿಷ್ ಓದಲು ಬಾರದ ಹಿರಿಯರಿದ್ದರೆ, ಸಹಿಗೆ ಮೊದಲು ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಕೇಳಿಸಿಕೊಳ್ಳಿ.