ದೊಡ್ಡ ಕ್ಯಾಮೆರಾ, ಚಿಕ್ಕ ಕ್ಯಾಮೆರಾ: ಮುಗಿಯದ ಒಂದು ತಕರಾರು

ಕೈಯಲ್ಲಿರುವ ಹಣ ಇಷ್ಟೇ. ಅದಕ್ಕೆ ಎರಡು ಬಗೆಯ ಕ್ಯಾಮೆರಾಗಳು ಸಿಗುತ್ತವೆ. ಒಂದು, ಯಾರೋ ಬಳಸಿ ಮಾರಿದ ಹಳೆಯ ಡಿಎಸ್‌ಎಲ್‌ಆರ್. ಕೊರಳಿಗೆ ಹಾಕಿಕೊಂಡರೆ ಭಾರ ಗೊತ್ತಾಗುವಂಥದು. ಇನ್ನೊಂದು, ಅದಕ್ಕಿಂತ ಕೆಲವು ವರ್ಷ ಹೊಸದಾದ, ಜೇಬಿನಲ್ಲಿ ಕೂರುವ ಕಾಂಪ್ಯಾಕ್ಟ್. ಯಾವುದನ್ನು ಕೊಳ್ಳಬೇಕು? ಮಗ ಅಥವಾ ಮಗಳು ಛಾಯಾಗ್ರಹಣ ಕಲಿಯುತ್ತೇನೆಂದಾಗ ಮನೆಯಲ್ಲಿ ಏಳುವ ಈ ಪ್ರಶ್ನೆ ನಮ್ಮ ಕಾಲದ್ದು ಎನಿಸಬಹುದು. ಹಾಗೆ ನೋಡಿದರೆ ಇದು ಛಾಯಾಗ್ರಹಣದಷ್ಟೇ ಹಳೆಯದು. ಕಳೆದ ನೂರೆಪ್ಪತ್ತು ವರ್ಷಗಳಲ್ಲಿ ಈ ತಕರಾರು ಮತ್ತೆ ಮತ್ತೆ ಎದ್ದಿದೆ. ಪ್ರತಿ ಸಲವೂ ದೊಡ್ಡ ಕ್ಯಾಮೆರಾದವರು ಚಿಕ್ಕದನ್ನು ಆಟಿಕೆಯೆಂದು ಕರೆದಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದ್ದೇ ಇತ್ತು. ಉಳಿದರ್ಧ ಸತ್ಯ ಎಲ್ಲಿತ್ತು ಎಂಬುದೇ ಈ ಇತಿಹಾಸದ ಸ್ವಾರಸ್ಯ.

ಹಳೇಬೀಡಿಗೆ ಬಂದ ಪೆಟ್ಟಿಗೆ

1854ರ ಡಿಸೆಂಬರ್‌ನಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಲಿನಿಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ದೇವಾಲಯಗಳ ಚಿತ್ರ ತೆಗೆಯಲು ಹೊರಟ. ಆತ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು. ಅವನ ಕ್ಯಾಮೆರಾ ಒಂದು ದೊಡ್ಡ ಮರದ ಪೆಟ್ಟಿಗೆ. ಜೊತೆಗೆ ಮುಕ್ಕಾಲಿ, ರಾಸಾಯನಿಕಗಳು, ಕಾಗದದ ಕಟ್ಟುಗಳು. ಇಷ್ಟು ದೊಡ್ಡ ಪೆಟ್ಟಿಗೆ ಏಕೆ ಬೇಕಾಗಿತ್ತು? ಕಾರಣ ಸರಳ. ಆಗ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಅನುಕೂಲಕರ ವಿಧಾನ ಇರಲಿಲ್ಲ. ನೆಗೆಟಿವನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ ಮುದ್ರಿಸುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾವನ್ನೇ ಹೊರಬೇಕು.

ಟ್ರೈಪ್‌ನ 68 ಚಿತ್ರಗಳು 1855ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮೆಚ್ಚುಗೆ ಗಳಿಸಿದವು. ಹೊಯ್ಸಳ ಶಿಲ್ಪದ ಕುಸುರಿಯನ್ನು ಅಷ್ಟು ನಿಚ್ಚಳವಾಗಿ ಹಿಡಿಯಲು ಆ ದೊಡ್ಡ ಪೆಟ್ಟಿಗೆಯೇ ಬೇಕಿತ್ತು. ಆದರೆ ಆ ಪೆಟ್ಟಿಗೆಗೆ ಒಂದು ಮಿತಿಯೂ ಇತ್ತು. ನಿಮಿಷಗಟ್ಟಲೆ ಅಲುಗದೆ ನಿಲ್ಲಬಲ್ಲ ವಸ್ತುವನ್ನಷ್ಟೇ ಅದು ಕಾಣಬಲ್ಲದು. ಕಲ್ಲು ನಿಂತಿತು, ದೇವಾಲಯದ ಅಂಗಳದಲ್ಲಿ ಓಡಾಡುವವರು ಚಿತ್ರದಲ್ಲಿ ಮಸುಕಾದರು ಅಥವಾ ಮಾಯವಾದರು. ಕ್ಯಾಮೆರಾದ ಗಾತ್ರ ಚಿತ್ರದ ಗುಣವನ್ನು ಮಾತ್ರವಲ್ಲ, ಚಿತ್ರದೊಳಗೆ ಯಾರು ಬರಬಹುದು ಎಂಬುದನ್ನೂ ತೀರ್ಮಾನಿಸುತ್ತದೆ ಎಂಬ ಸಂಗತಿ ಇಲ್ಲಿಂದಲೇ ಶುರುವಾಯಿತು.

ಒಂದು ಡಾಲರಿನ ಡಬ್ಬ

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ‘ಕೊಡಾಕ್’ ಎಂಬ ಕೈಗ್ಯಾಮೆರಾವನ್ನು ಮಾರುಕಟ್ಟೆಗೆ ತಂದ. ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವ ಸುರುಳಿ. ನೂರು ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ, ಅವರು ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. 1900ರಲ್ಲಿ ಬಂದ ‘ಬ್ರೌನಿ’ಯ ಬೆಲೆಯಂತೂ ಕೇವಲ ಒಂದು ಡಾಲರ್. ಛಾಯಾಗ್ರಾಹಕನಿಗೆ ರಸಾಯನಶಾಸ್ತ್ರ ಗೊತ್ತಿರಬೇಕೆಂಬ ನಿಯಮ ಅಲ್ಲಿಗೆ ಮುಗಿಯಿತು. ಮಕ್ಕಳೂ ಗೃಹಿಣಿಯರೂ ಚಿತ್ರ ತೆಗೆಯಲಾರಂಭಿಸಿದರು.

ಕಲಾವಿದರಿಗೆ ಇದು ಹಿಡಿಸಲಿಲ್ಲ. ಗುಂಡಿ ಒತ್ತುವುದು ಕಲೆಯೇ ಎಂದು ಕೇಳಿದವರು ಬಹಳ. ಆದರೆ ಅವರ ನಡುವಿನ ಅಗ್ರಗಣ್ಯ ಆಲ್ಫ್ರೆಡ್ ಸ್ಟೀಗ್ಲಿಟ್ಜ್ 1893ರ ಚಳಿಗಾಲದಲ್ಲಿ, ಎರವಲು ತಂದ ಕೈಗ್ಯಾಮೆರಾ ಹಿಡಿದು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಹಿಮಗಾಳಿಯ ನಡುವೆ ಮೂರು ಗಂಟೆ ಕಾದು ನಿಂತ. ಕುದುರೆಗಾಡಿಯೊಂದು ಹಿಮವನ್ನು ಸೀಳಿಕೊಂಡು ಬರುವ ಆ ಚಿತ್ರ ಇಂದಿಗೂ ಪ್ರಸಿದ್ಧ. ಮುಕ್ಕಾಲಿಯ ಮೇಲೆ ಕೂತ ಕ್ಯಾಮೆರಾಕ್ಕೆ ಅದು ದಕ್ಕುತ್ತಿರಲಿಲ್ಲ. ಆಟಿಕೆ ಎನಿಸಿಕೊಂಡ ಸಾಧನದಿಂದ ಕಲಾಕೃತಿ ಹೊರಬಂದಿತ್ತು. ಅದಕ್ಕೆ ಬೇಕಾದದ್ದು ತಾಳ್ಮೆ.

ಬಾರ್ನಾಕ್‌ನ ಉಪಾಯ

ಮುಂದಿನ ಹೆಜ್ಜೆ ಜರ್ಮನಿಯದು. ವೆಟ್ಸ್‌ಲಾರ್ ಪಟ್ಟಣದ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರುವಾಸಿ. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್‌ಗೆ ಗೂರಲು ರೋಗ. ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಕಷ್ಟವಾಗುತ್ತಿತ್ತು ಎನ್ನುತ್ತಾರೆ. ಆತ ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮನ್ನೇ ಅಡ್ಡಕ್ಕೆ ಓಡಿಸಿ, ಸಿನಿಮಾ ಚೌಕಟ್ಟಿನ ಎರಡರಷ್ಟು, ಅಂದರೆ 24 ಗುಣಿಸು 36 ಮಿಲಿಮೀಟರ್ ಅಳತೆಯ ನೆಗೆಟಿವ್ ಪಡೆಯುವ ಉಪಾಯ ಮಾಡಿದ. ನೆಗೆಟಿವ್ ಚಿಕ್ಕದಾಗಲಿ, ಚಿತ್ರವನ್ನು ಆಮೇಲೆ ಹಿಗ್ಗಿಸೋಣ ಎಂಬುದು ಅವನ ಲೆಕ್ಕ. 1925ರಲ್ಲಿ ಲೈಪ್ಸಿಗ್ ಮೇಳದಲ್ಲಿ ‘ಲೈಕಾ’ ಬೆಳಕಿಗೆ ಬಂತು.

ಚಿಕ್ಕ ನೆಗೆಟಿವನ್ನು ಹಿಗ್ಗಿಸಿದಾಗ ಕಣಗಳು ಎದ್ದು ಕಾಣುತ್ತವೆ ಎಂಬ ದೂರು ಸುಳ್ಳಾಗಿರಲಿಲ್ಲ. ಆದರೆ ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸನ್‌ರಂಥವರು ಲೈಕಾ ಹಿಡಿದು ಬೀದಿಗಿಳಿದಾಗ ಕಣಗಳ ಮಾತು ಹಿಂದೆ ಸರಿಯಿತು. ಮೈಸೂರಿನಲ್ಲಿ ಹುಟ್ಟಿ ದೇಶದ ಜನಜೀವನವನ್ನು ಚಿತ್ರಗಳಲ್ಲಿ ಹಿಡಿದ ನಮ್ಮ ಟಿ.ಎಸ್. ಸತ್ಯನ್ (1923–2009) ಅವರ ನೆನಪನ್ನೂ ಇಲ್ಲಿ ಮಾಡಿಕೊಳ್ಳಬೇಕು. ಮಕ್ಕಳನ್ನು ಕುರಿತ ಅವರ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆಡುವ ಮಗುವನ್ನು ಅದರ ಪಾಡಿಗೆ ಬಿಟ್ಟು ಚಿತ್ರ ತೆಗೆಯುವುದು ಕೈಯಲ್ಲಿ ಹಿಡಿದು ಓಡಾಡಬಲ್ಲ ಕ್ಯಾಮೆರಾಗಳ ಯುಗದಲ್ಲಿ ಮಾತ್ರ ಸಾಧ್ಯವಿದ್ದ ಕೆಲಸ.

ಕನ್ನಡಿ ಬಂದದ್ದು

ಹಾಗಾದರೆ ಚಿಕ್ಕದೇ ಗೆದ್ದಿತೇ? ಇಲ್ಲ. ಲೈಕಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸ್ ಬೇರೆ. ಹತ್ತಿರದ ಹೂವಿಗಾಗಲಿ ದೂರದ ಹಕ್ಕಿಗಾಗಲಿ ಇದು ಒಗ್ಗುವುದಿಲ್ಲ. ಕಣ್ಣು ಕಂಡದ್ದನ್ನೇ ಲೆನ್ಸ್ ಕಾಣುವುದಿಲ್ಲ. ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿಯಿಟ್ಟು, ಲೆನ್ಸ್ ಕಾಣುವುದನ್ನೇ ಕಣ್ಣಿಗೂ ತೋರಿಸಿ, ಚಿತ್ರ ತೆಗೆಯುವ ಕ್ಷಣದಲ್ಲಿ ಕನ್ನಡಿಯನ್ನು ಮೇಲಕ್ಕೆತ್ತುವುದು ಇದಕ್ಕೆ ಪರಿಹಾರ. ಇಂಗ್ಲೆಂಡಿನ ಥಾಮಸ್ ಸಟನ್ 1861ರಲ್ಲೇ ಇಂಥ ಕ್ಯಾಮೆರಾಕ್ಕೆ ಪೇಟೆಂಟ್ ಪಡೆದಿದ್ದ. ಅದು ನಿಜವಾಗಿ ಪಳಗಿದ್ದು ಜಪಾನಿನವರ ಕೈಯಲ್ಲಿ, 1959ರ ‘ನಿಕಾನ್ ಎಫ್’ನೊಂದಿಗೆ. ಲೆನ್ಸ್ ಬದಲಿಸುತ್ತ ಹೋಗಬಹುದಾದ ಈ ಎಸ್‌ಎಲ್‌ಆರ್, ಯುದ್ಧಭೂಮಿಯಿಂದ ಕ್ರೀಡಾಂಗಣದವರೆಗೆ ಎಲ್ಲ ಕಡೆ ವೃತ್ತಿಪರರ ಸಂಗಾತಿಯಾಯಿತು. ಬಂಡೀಪುರ, ನಾಗರಹೊಳೆಗಳ ಕಾಡಿಗೆ ಹೋಗುವವರಿಗಂತೂ ಉದ್ದ ಲೆನ್ಸ್ ಹಾಕಬಹುದಾದ ಕ್ಯಾಮೆರಾ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಇವೆಲ್ಲ ದೂರದ ಮಾತು. ಅಲ್ಲಿಗೆ ಬಂದದ್ದು ಬರೋಡಾದಲ್ಲಿ ತಯಾರಾದ ‘ಆಗ್ಫಾ ಕ್ಲಿಕ್ 3’ರಂಥ ಡಬ್ಬ. ಒಂದು ಸುರುಳಿಗೆ ಹನ್ನೆರಡು ಚಿತ್ರ. ಪೇಟೆಯ ಸ್ಟುಡಿಯೋದಲ್ಲಿ ಪರದೆಯ ಮುಂದೆ ಬಿಗಿದುಕೊಂಡು ಕೂತವರೇ, ಈ ಡಬ್ಬದೆದುರು ಜಗಲಿಯ ಮೇಲೆ ನಗುತ್ತ ಕೂತರು. ಹಳೆಯ ಆಲ್ಬಮ್ ತೆರೆದರೆ ಈ ಎರಡೂ ಬಗೆಯ ಚಿತ್ರಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ಸ್ಟುಡಿಯೋದ ಚಿತ್ರ ನಿಚ್ಚಳ, ಡಬ್ಬದ ಚಿತ್ರ ಮಸುಕು. ಆದರೆ ಅಜ್ಜಿ ಹೇಗಿದ್ದಳೆಂದು ಮೊಮ್ಮಕ್ಕಳಿಗೆ ಹೇಳುವುದು ಹೆಚ್ಚಿನ ಸಲ ಎರಡನೆಯದು.

ಫಿಲ್ಮ್ ಹೋಯಿತು, ಅಳತೆ ಉಳಿಯಿತು

1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮ್ ಇಲ್ಲದ ಕ್ಯಾಮೆರಾವೊಂದನ್ನು ಕಟ್ಟಿದರು. ತೂಕ ಸುಮಾರು ಮೂರೂವರೆ ಕಿಲೋ. ಒಂದು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡ್. 1991ರಲ್ಲಿ ಅದೇ ಕಂಪನಿ ನಿಕಾನ್ ಎಸ್‌ಎಲ್‌ಆರ್‌ಗೆ ಡಿಜಿಟಲ್ ಯಂತ್ರ ಜೋಡಿಸಿ ಮಾರಿತು. 1999ರಲ್ಲಿ ನಿಕಾನ್ ಡಿ1 ಬಂತು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ದೊರೆತಾಗ ಡಿಎಸ್‌ಎಲ್‌ಆರ್ ಹವ್ಯಾಸಿಗಳ ಕೈಗೂ ಎಟುಕಿತು.

ಫಿಲ್ಮಿನ ಜಾಗಕ್ಕೆ ಬಂದದ್ದು ಬೆಳಕನ್ನು ವಿದ್ಯುತ್ತಾಗಿಸುವ ಸೆನ್ಸರ್. ಅಂಗಳ ದೊಡ್ಡದಿದ್ದಷ್ಟೂ ಬೀಳುವ ಮಳೆನೀರು ಹೆಚ್ಚು. ಸೆನ್ಸರ್ ದೊಡ್ಡದಿದ್ದಷ್ಟೂ ಬೀಳುವ ಬೆಳಕು ಹೆಚ್ಚು. ಬೆಳಕು ಕಡಿಮೆಯಾದರೆ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಲೆಗಳು. ಬಾರ್ನಾಕ್‌ನ ಕಾಲದ ಕಣಗಳ ದೂರು ಹೊಸ ವೇಷದಲ್ಲಿ ಮರಳಿತ್ತು.

ಎರಡು ಉದಾಹರಣೆ ತೆಗೆದುಕೊಳ್ಳೋಣ. 2008ರ ನಿಕಾನ್ ಡಿ90 ಒಂದು ಡಿಎಸ್‌ಎಲ್‌ಆರ್; ಸೆನ್ಸರ್ 23.6 ಗುಣಿಸು 15.8 ಮಿಲಿಮೀಟರ್. 2012ರ ಸೋನಿ ಆರ್‌ಎಕ್ಸ್100 ಒಂದು ಕಾಂಪ್ಯಾಕ್ಟ್, ಸೆನ್ಸರ್ 13.2 ಗುಣಿಸು 8.8. ಇದನ್ನು ‘ಒಂದು ಇಂಚಿನ ಸೆನ್ಸರ್’ ಎನ್ನುತ್ತಾರಾದರೂ ಕರ್ಣ ಅಳೆದರೂ ಒಂದು ಇಂಚು ಬರುವುದಿಲ್ಲ. ಆ ಹೆಸರು ಹಳೆಯ ಟಿ.ವಿ. ಕ್ಯಾಮೆರಾದ ಗಾಜಿನ ಕೊಳವೆಯ ಹೊರವ್ಯಾಸದ ಅಳತೆಯಿಂದ ಬಂದದ್ದು! ವಿಸ್ತೀರ್ಣದಲ್ಲಿ ಡಿಎಸ್‌ಎಲ್‌ಆರ್ ಮೂರು ಪಟ್ಟಿಗೂ ಮಿಗಿಲು.

ಅಲ್ಲಿಗೆ ತೀರ್ಪು ಆಯಿತೆನ್ನುವಂತಿಲ್ಲ. ಡಿಎಸ್‌ಎಲ್‌ಆರ್‌ಗಳ ಜೊತೆಗೇ ಬರುವ ಸಾಮಾನ್ಯ ಲೆನ್ಸ್‌ನ ಬಾಯಿ ಹೆಚ್ಚೆಂದರೆ ಎಫ್ 3.5ರವರೆಗೆ ತೆರೆಯುತ್ತದೆ. ಆ ಕಾಂಪ್ಯಾಕ್ಟಿನ ಲೆನ್ಸ್ ವಿಶಾಲ ನೋಟದಲ್ಲಿ ಎಫ್ 1.8ರವರೆಗೆ ತೆರೆಯುತ್ತದೆ, ಅಷ್ಟೇ ಜಾಗಕ್ಕೆ ಸುಮಾರು ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಹೀಗಾಗಿ ಮನೆಯೊಳಗೆ, ಹುಟ್ಟುಹಬ್ಬದ ದೀಪದ ಬೆಳಕಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಡಿಎಸ್‌ಎಲ್‌ಆರ್‌ಗೆ 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಒಂದನ್ನು ಪ್ರತ್ಯೇಕವಾಗಿ ಕೊಂಡು ಹಾಕಿದರೆ ಮೂರು ಪಟ್ಟಿನ ಅನುಕೂಲ ಪೂರ್ತಿ ಮರಳಿ ಬರುತ್ತದೆ. ದೂರದ್ದನ್ನು ಹತ್ತಿರ ತಂದಾಗ ಕಾಂಪ್ಯಾಕ್ಟಿನ ಬಾಯಿಯೂ ಕಿರಿದಾಗುತ್ತದೆ. ಅಲ್ಲೂ ದೊಡ್ಡದಕ್ಕೇ ಮೇಲುಗೈ. ಅಂದರೆ ಹಳೆಯ ಡಿಎಸ್‌ಎಲ್‌ಆರ್ ಕೊಂಡು, ಅದರ ಜೊತೆ ಬಂದ ಲೆನ್ಸನ್ನು ಎಂದೂ ಬದಲಿಸದವರು ಭಾರವನ್ನು ಹೊತ್ತು ಅದರ ಫಲವನ್ನು ಬಿಟ್ಟವರು.

ಭಾರದ ಲೆಕ್ಕವನ್ನೂ ನೋಡಿ. ಡಿ90ರ ಒಡಲು ಲೆನ್ಸ್, ಬ್ಯಾಟರಿ ಇಲ್ಲದೆಯೇ 620 ಗ್ರಾಂ; ಕಾಂಪ್ಯಾಕ್ಟ್ ಬ್ಯಾಟರಿಯೂ ಸೇರಿ 240 ಗ್ರಾಂ. ಆದರೆ ಒಂದು ಸಲ ಚಾರ್ಜ್ ಮಾಡಿದರೆ ಮೊದಲನೆಯದರಲ್ಲಿ ಸುಮಾರು 850 ಚಿತ್ರ, ಎರಡನೆಯದರಲ್ಲಿ 330. ಇನ್ನು ಮೆಗಾಪಿಕ್ಸೆಲ್. ಡಿ90ರಲ್ಲಿ 12, ಕಾಂಪ್ಯಾಕ್ಟಿನಲ್ಲಿ 20. ಈ ಅಂಕಿಗೆ ಮರುಳಾಗಬೇಕಿಲ್ಲ. 12 ಮೆಗಾಪಿಕ್ಸೆಲ್‌ನಲ್ಲಿ 14 ಅಂಗುಲ ಅಗಲದ ಚಿತ್ರ ಸೊಗಸಾಗಿ ಮುದ್ರಿತವಾಗುತ್ತದೆ.

ಸಂತೆಯ ಜಾಣತನ

2008ರಲ್ಲಿ ಪ್ಯಾನಾಸೋನಿಕ್ ಜಿ1ರೊಂದಿಗೆ, ಲೆನ್ಸ್ ಬದಲಿಸಬಹುದಾದರೂ ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದವು. ದೊಡ್ಡ ಕಂಪನಿಗಳು ಕ್ರಮೇಣ ಅತ್ತ ವಾಲಿದವು. ಇತ್ತ ಮೊಬೈಲ್ ಫೋನು ಸಾಧಾರಣ ಕಾಂಪ್ಯಾಕ್ಟ್‌ಗಳನ್ನು ನುಂಗಿತು. 2010ರಲ್ಲಿ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗದ ಬೆಲೆಗೆ ಕೈಬದಲಾಗುತ್ತಿರುವುದು ಈ ಕಾರಣದಿಂದಲೇ. ವಿಚಿತ್ರವೆಂದರೆ ಒಳ್ಳೆಯ ಕಾಂಪ್ಯಾಕ್ಟ್‌ಗಳಿಗೆ ಮತ್ತೆ ಬೇಡಿಕೆ ಬಂದಿದೆ. 2024ರಲ್ಲಿ ಹೊರಬಂದ ಫ್ಯೂಜಿಫಿಲ್ಮ್ ಎಕ್ಸ್100-6ಕ್ಕಾಗಿ ಜನ ತಿಂಗಳುಗಟ್ಟಲೆ ಕಾದರು.

ಕೊಳ್ಳುವವರು ಕೆಲವನ್ನು ಗಮನಿಸಬೇಕು. ಮಲೆನಾಡು, ಕರಾವಳಿಗಳ ಮಳೆಗಾಲ ಕಂಡ ಲೆನ್ಸಿನೊಳಗೆ ಬೂಷ್ಟು ಹಿಡಿದಿರುವ ಸಂಭವ ಹೆಚ್ಚು. ಟಾರ್ಚ್ ಹಾಯಿಸಿದರೆ ಜೇಡರ ಬಲೆಯಂತೆ ಕಾಣುತ್ತದೆ. ಡಿಎಸ್‌ಎಲ್‌ಆರ್‌ನ ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಬೇಕು. ಡಿ90ರ ಶಟರನ್ನು ಒಂದು ಲಕ್ಷ ಬಡಿತಕ್ಕೆ ಪರೀಕ್ಷಿಸಲಾಗಿತ್ತು. ಕಾಂಪ್ಯಾಕ್ಟಿನ ಲೆನ್ಸ್ ಒಡಲಿಗೇ ಅಂಟಿರುವುದರಿಂದ, ಮರಳು ಸಿಕ್ಕಿ ಅದು ಕೆಟ್ಟರೆ ಕ್ಯಾಮೆರಾವೇ ಕೆಟ್ಟಂತೆ. ಡಿಎಸ್‌ಎಲ್‌ಆರ್‌ನ ಒಡಲು ಸತ್ತರೂ ಲೆನ್ಸ್ ಉಳಿಯುತ್ತದೆ. ಬೆರಳುಗುರಿನಷ್ಟು ಸೆನ್ಸರಿನ ಅಗ್ಗದ ಕಾಂಪ್ಯಾಕ್ಟಾದರೆ ಕೊಳ್ಳುವುದೇ ಬೇಡ. ಆ ಕೆಲಸಕ್ಕೆ ಕೈಯಲ್ಲಿರುವ ಫೋನೇ ಸಾಕು.

ಕೊನೆಗೆ ಉಳಿಯುವುದು ಚಿತ್ರ ಯಾರದ್ದು, ಯಾವುದರದ್ದು ಎಂಬ ಪ್ರಶ್ನೆ. ಹಕ್ಕಿ, ಆಟದ ಮೈದಾನ, ರಾತ್ರಿಯಿಡೀ ನಡೆಯುವ ಯಕ್ಷಗಾನ ಇವುಗಳ ಬೆನ್ನುಹತ್ತುವವರಿಗೆ, ಛಾಯಾಗ್ರಹಣದ ವ್ಯಾಕರಣವನ್ನು ಬುಡದಿಂದ ಕಲಿಯಬೇಕೆನ್ನುವವರಿಗೆ ಹಳೆಯ ಡಿಎಸ್‌ಎಲ್‌ಆರ್ ಒಳ್ಳೆಯ ಗುರು. ಮನೆಮಂದಿ, ಸಂತೆ, ಪ್ರಯಾಣ ಇವೇ ಮುಖ್ಯವೆನ್ನುವವರಿಗೆ ಜೇಬಿನದೇ ಸರಿ. ದೊಡ್ಡ ಪೆಟ್ಟಿಗೆ ಇಲ್ಲದಿದ್ದರೆ 1854ರ ಹಳೇಬೀಡು ನಮಗೆ ಕಾಣುತ್ತಿರಲಿಲ್ಲ; ಚಿಕ್ಕ ಡಬ್ಬ ಇಲ್ಲದಿದ್ದರೆ ಜಗಲಿಯ ಮೇಲಿನ ಅಜ್ಜಿ ಕಾಣುತ್ತಿರಲಿಲ್ಲ. ಬೀರುವಿನಲ್ಲಿ ಕೂತ ಕ್ಯಾಮೆರಾ ಮಾತ್ರ, ದೊಡ್ಡದಿರಲಿ ಚಿಕ್ಕದಿರಲಿ, ಈವರೆಗೆ ಯಾರ ಚಿತ್ರವನ್ನೂ ತೆಗೆದಿಲ್ಲ.