ತಂಗಡಿ ಗಿಡ: ಗುರುತು ಹಿಡಿಯೋದು ಹ್ಯಾಂಗ? ಎಲ್ಲೆಲ್ಲಿ ಬೆಳೀತದ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ರಸ್ತೆ ಬದಿ, ಹೊಲದ ಬದು, ಮಡ್ಡಿ ಜಮೀನಿನಲ್ಲಿ ಹಳದಿ ಹೂ ಬಿಡುವ ಪೊದೆಯೇ ತಂಗಡಿ. ಇದಕ್ಕೆ ಆವರಿಕೆ, ಹೊನ್ನಾವರಿಕೆ ಅಂತಲೂ ಹೆಸರಿದೆ. ಸೊಲ್ಲಾಪುರ ಕಡೆ ಮರಾಠಿಯವರು ತರವಡ ಅಂತಾರೆ. ಸಸ್ಯಶಾಸ್ತ್ರದ ಹೆಸರು ಸೆನ್ನಾ ಆರಿಕ್ಯುಲೇಟಾ.

ಮೂಲ ನೆಲೆ: ಭಾರತದ ಒಣ ಪ್ರದೇಶಗಳು ಮತ್ತು ಶ್ರೀಲಂಕಾ. ಅಂದರೆ ಇದು ಬಳ್ಳಾರಿ ಜಾಲಿಯಂತೆ ಹೊರದೇಶದಿಂದ ಬಂದದ್ದಲ್ಲ, ನಮ್ಮ ನೆಲದ್ದೇ ಗಿಡ. ಕಡಿಮೆ ಮಳೆಯಲ್ಲೂ ಹಸಿರಾಗಿರ್ತದೆ. ದನ, ಆಡು ಹೆಚ್ಚಾಗಿ ಮುಟ್ಟೋದಿಲ್ಲ. ತೆಲಂಗಾಣದಲ್ಲಿ ಇದೇ ರಾಜ್ಯ ಪುಷ್ಪ, ಬತುಕಮ್ಮ ಹಬ್ಬಕ್ಕೆ ಈ ಹೂ ಬೇಕೇ ಬೇಕು.

ಉಪಯೋಗ: ತೊಗಟೆಯಲ್ಲಿ ಒಗರು ಅಂಶ ಹೆಚ್ಚು. ಹಿಂದೆ ದಕ್ಷಿಣ ಭಾರತದಲ್ಲಿ ತೊಗಲು ಹದ ಮಾಡಲು ಇದನ್ನೇ ಬಳಸ್ತಿದ್ದರು. ಆಫ್ರಿಕಾದಿಂದ ವಾಟಲ್ ತೊಗಟೆ ಬಂದ ಮೇಲೆ ಬೇಡಿಕೆ ಬಿತ್ತು. ಸೊಪ್ಪು ಹಸಿರು ಗೊಬ್ಬರಕ್ಕೆ ಆಗ್ತದೆ, ಬೇರು ಬದುವಿನ ಮಣ್ಣು ಹಿಡೀತದೆ. ಬದು ಸ್ವಚ್ಛ ಮಾಡುವಾಗ ಇದನ್ನು ಬುಡಸಮೇತ ಕೀಳುವವರು ಒಮ್ಮೆ ಯೋಚಿಸಬೇಕು.

ಗುರುತು: ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲ ಪುಟ್ಟ ಎಲೆ ಇರ್ತದೆ. ಒಂದು ಎಲೆಕಡ್ಡಿಯಲ್ಲಿ ಸಾಮಾನ್ಯವಾಗಿ 8ರಿಂದ 12 ಜೋಡಿ ಸಣ್ಣ ಎಲೆ, ತುದಿ ಮೊಂಡು. ಕಾಯಿ ಚಪ್ಪಟೆ, ಕಾಗದದಂತೆ ತೆಳು.

ಎಚ್ಚರ: ಇದೇ ಕುಲದ ಸೆನ್ನಾ ಆಕ್ಸಿಡೆಂಟಾಲಿಸ್ ಎಂಬ ಕಳೆಗೂ ಹಳದಿ ಹೂವೇ. ಅದು ಅಮೆರಿಕ ಖಂಡದಿಂದ ಬಂದದ್ದು. ಅದರಲ್ಲಿ 3ರಿಂದ 6 ಜೋಡಿ ಎಲೆ ಮಾತ್ರ, ತುದಿ ಚೂಪು, ಹಿಸುಕಿದರೆ ಕೆಟ್ಟ ವಾಸನೆ. ಅದರ ಬೀಜ ವಿಷ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಅದನ್ನು ತಿಂದ ಮಕ್ಕಳು ಯಕೃತ್ತು, ಮೆದುಳಿಗೆ ಪೆಟ್ಟಾಗಿ ಸತ್ತಿದ್ದಾರೆ. ಹೊಲಕ್ಕೆ ಹೋಗುವ ಮಕ್ಕಳಿಗೆ ಇದನ್ನು ಹೇಳಿಕೊಡಿ.

ಅಂಗಡಿಯವರಿಗೆ: ಒಣಗಿದ ತಂಗಡಿ ಹೂವಿನ ಚಹಾ ಈಗ ಶುಗರ್ ಇದ್ದವರಿಗೆ ಅಂತ ಮಾರಾಟ ಆಗ್ತಿದೆ. ಶ್ರೀಲಂಕಾದಲ್ಲೂ ರಣವರಾ ಹೆಸರಲ್ಲಿ ಕುಡೀತಾರೆ. ಆದರೆ ಮಧುಮೇಹ ವಾಸಿ ಆಗ್ತದೆ ಅಂತ ಜಾಹೀರಾತು ಕೊಡೋದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಅಪರಾಧ. ಬೋರ್ಡ್ ಹಾಕುವ ಮೊದಲು ನೆನಪಿರಲಿ. ಕೊಳ್ಳುವವರೂ ಅಷ್ಟೇ: ಚಹಾ ನಂಬಿ ಗುಳಿಗೆ ಬಿಡಬೇಡಿ. ಗುಳಿಗೆ ಜೊತೆ ಕುಡಿಯೋದಾದ್ರೆ ಮೊದಲು ಡಾಕ್ಟರ್‌ಗೆ ಕೇಳಿ, ಶುಗರ್ ಒಮ್ಮೆಲೇ ಇಳಿದರೂ ಅಪಾಯವೇ.