ಅರಿವಿನ ವರ್ತನಾ ಚಿಕಿತ್ಸೆ: ಸಂಶೋಧನೆಯ ಇತಿಹಾಸ

ಅರಿವಿನ ವರ್ತನಾ ಚಿಕಿತ್ಸೆಯು ಖಿನ್ನತೆ, ಆತಂಕ, ಗೀಳು ಮೊದಲಾದ ತೊಂದರೆಗಳಿಗೆ ಮಾತುಕತೆ ಮತ್ತು ಅಭ್ಯಾಸಗಳ ಮೂಲಕ ನಿಗದಿತ ಅವಧಿಯಲ್ಲಿ ನೀಡುವ ಮನೋಚಿಕಿತ್ಸೆ. ರೂಢಿಯಲ್ಲಿ ಇದನ್ನು ಸಿಬಿಟಿ ಎನ್ನುತ್ತಾರೆ. ಒಂದು ಸಂಗತಿಗೆ ಮನುಷ್ಯ ಕೊಡುವ ಅರ್ಥ ಅವನ ಭಾವನೆಯನ್ನೂ ನಡವಳಿಕೆಯನ್ನೂ ರೂಪಿಸುತ್ತದೆ, ಆ ಅರ್ಥವನ್ನು ಪರೀಕ್ಷಿಸಿ ತಿದ್ದಿಕೊಳ್ಳಬಹುದು ಎಂಬುದು ಇದರ ತಳಹದಿ.

ಇದರ ವರ್ತನಾ ಭಾಗ ಹಳೆಯದು. ಮೇರಿ ಕವರ್ ಜೋನ್ಸ್ 1924ರಲ್ಲಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗು ಇಷ್ಟದ ತಿನಿಸು ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಅದರ ಭಯ ಕಳೆದುದನ್ನು ವರದಿ ಮಾಡಿದರು. ಜೋಸೆಫ್ ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ಈ ಬಗೆಯ ವಿಧಾನಕ್ಕೆ ವ್ಯವಸ್ಥಿತ ರೂಪ ಕೊಟ್ಟರು. ಅರಿವಿನ ಭಾಗಕ್ಕೆ ಇಬ್ಬರು ಮೂಲಪುರುಷರು. 1950ರ ದಶಕದ ನಡುವಿನಲ್ಲಿ ವೈಚಾರಿಕ ಚಿಕಿತ್ಸೆ ಆರಂಭಿಸಿದ ಆಲ್ಬರ್ಟ್ ಎಲ್ಲಿಸ್ ಒಬ್ಬರು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಏರಾನ್ ಬೆಕ್ ಇನ್ನೊಬ್ಬರು.

ಬೆಕ್ (1921–2021) ಮನೋವಿಶ್ಲೇಷಣೆಯಲ್ಲಿ ತರಬೇತಾದವರು. ಖಿನ್ನತೆ ಎಂದರೆ ಒಳಮುಖವಾಗಿ ತಿರುಗಿದ ಸಿಟ್ಟು ಎಂಬ ಅದರ ಸಿದ್ಧಾಂತವನ್ನು ಪ್ರಯೋಗದಿಂದ ಸ್ಥಿರಪಡಿಸಲು ಅವರು ರೋಗಿಗಳ ಕನಸುಗಳನ್ನು ಪರಿಶೀಲಿಸಿದರು. ಅಲ್ಲಿ ಸಿಟ್ಟಿಗಿಂತ ಸೋಲು, ನಷ್ಟ, ತಿರಸ್ಕಾರಗಳೇ ಎದ್ದು ಕಂಡವು. ಎಚ್ಚರದಲ್ಲೂ ರೋಗಿಗಳ ಮನಸ್ಸಿನಲ್ಲಿ ತಮ್ಮ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕಹಿಯಾದ ಆಲೋಚನೆಗಳು ತಾವಾಗಿಯೇ ಹಾದುಹೋಗುತ್ತಿದ್ದವು. ತಾವು ನಂಬಿದ್ದ ಸಿದ್ಧಾಂತವನ್ನು ಸಾಕ್ಷ್ಯ ಎತ್ತಿಹಿಡಿಯದಿದ್ದಾಗ ಬೆಕ್ ಸಿದ್ಧಾಂತವನ್ನೇ ಬಿಟ್ಟರು. ಈ ಚಿಕಿತ್ಸೆಯ ಸ್ವಭಾವವನ್ನು ನಿರ್ಧರಿಸಿದ ಘಟ್ಟ ಅದು. 1961ರಲ್ಲಿ ಅವರ ತಂಡ ಪ್ರಕಟಿಸಿದ ಖಿನ್ನತೆಯ ಮಾಪನಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಚಿಕಿತ್ಸಾ ಕೈಪಿಡಿ 1979ರಲ್ಲಿ ಹೊರಬಂತು.

ಅದಕ್ಕೆ ಮೊದಲೇ, 1977ರಲ್ಲಿ, ಆಗಸ್ಟಸ್ ಜಾನ್ ರಶ್ ಮತ್ತು ಬೆಕ್ ತಂಡ 41 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಈ ಚಿಕಿತ್ಸೆ ಇಮಿಪ್ರಮಿನ್ ಮಾತ್ರೆಗಿಂತ ಹೆಚ್ಚು ಗುಣ ತೋರಿತ್ತು. ಆ ಉತ್ಸಾಹಕ್ಕೆ ತಡೆ ಬಿದ್ದದ್ದು 1989ರಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಮೂರು ಕೇಂದ್ರಗಳಲ್ಲಿ 250 ರೋಗಿಗಳೊಂದಿಗೆ ನಡೆಸಿದ ಅಧ್ಯಯನದಲ್ಲಿ, ತೀವ್ರ ಖಿನ್ನತೆಯಿದ್ದವರಿಗೆ ಮಾತ್ರೆಯೇ ಮೇಲೆಂದು ಕಂಡಿತು. ಚಿಕಿತ್ಸಕರು ಸಾಕಷ್ಟು ಪಳಗಿದ್ದರೇ ಎಂಬ ವಾದ ಎದ್ದಿತು. 2005ರಲ್ಲಿ ರಾಬರ್ಟ್ ಡಿರೂಬಿಸ್ ತಂಡ 240 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ 16 ವಾರಗಳ ಬಳಿಕ ಎರಡೂ ಚಿಕಿತ್ಸೆಗಳಿಗೆ ಶೇ. 58ರಷ್ಟು ಜನ ಸ್ಪಂದಿಸಿದ್ದರು. ಆದರೆ ಪ್ರಯೋಗ ನಡೆದ ಎರಡು ಕೇಂದ್ರಗಳ ಫಲಿತಾಂಶ ಒಂದೇ ರೀತಿ ಇರಲಿಲ್ಲ. ಚಿಕಿತ್ಸಕರ ಅನುಭವದ ಅಂತರ ಅದಕ್ಕೆ ಕಾರಣವಿರಬಹುದೆಂದು ಸಂಶೋಧಕರೇ ಸೂಚಿಸಿದರು.

ಹೀಗೆ ಚಿಕಿತ್ಸೆಯಷ್ಟೇ ಚಿಕಿತ್ಸಕರೂ ಸಂಶೋಧನೆಯ ವಸ್ತುವಾದರು. ಕೌಶಲವನ್ನು ಅಳೆಯಲು ಜೆಫ್ರಿ ಯಂಗ್ ಮತ್ತು ಬೆಕ್ 1980ರಲ್ಲೇ ಒಂದು ಮಾಪಕ ರೂಪಿಸಿದ್ದರು. ಧ್ವನಿಮುದ್ರಿತ ಭೇಟಿಯನ್ನು ಕೇಳಿ, ಕಾರ್ಯಸೂಚಿ ಹಾಕಿದ್ದು, ಪ್ರಶ್ನೆ ಕೇಳಿದ್ದು, ಹೋಮ್‌ವರ್ಕ್ ಕೊಟ್ಟದ್ದು ಎಲ್ಲಕ್ಕೂ ಅಂಕ ಕೊಡುವ ಕ್ರಮವದು. ಕ್ರಿಸ್ಟೀನ್ ಪಡೆಸ್ಕಿ 1993ರಲ್ಲಿ ಲಂಡನ್ ಉಪನ್ಯಾಸದಲ್ಲಿ, ಪ್ರಶ್ನೆಗಳಿಂದ ರೋಗಿಯ ಮನಸ್ಸು ಬದಲಿಸಲು ಹೊರಡುವುದಕ್ಕಿಂತ ಅವರೇ ಕಂಡುಕೊಳ್ಳುವಂತೆ ನೆರವಾಗುವುದು ಮೇಲೆಂದು ವಾದಿಸಿದರು. ಕಲಿತ ವಿಧಾನದಿಂದ ಚಿಕಿತ್ಸಕರು ಕ್ರಮೇಣ ದೂರ ಸರಿಯುವುದನ್ನು, ಮುಖ್ಯವಾಗಿ ಕಷ್ಟವಾದ ಅಭ್ಯಾಸಗಳನ್ನು ಕೈಬಿಡುವುದನ್ನು, ಗ್ಲೆನ್ ವಾಲರ್ 2009ರಲ್ಲಿ ವಿವರಿಸಿದರು.

ಬೋಧನೆಯ ಕುರಿತ ಕೆಲಸದಲ್ಲಿ ಹೆಚ್ಚು ಫಲಕಾರಿಯಾದದ್ದು ಆಸ್ಟ್ರೇಲಿಯಾದ ಜೇಮ್ಸ್ ಬೆನೆಟ್-ಲೆವಿ ಅವರದು. ತರಬೇತಿಯಲ್ಲಿದ್ದವರು ಆಲೋಚನಾ ದಾಖಲೆ, ವರ್ತನಾ ಪ್ರಯೋಗಗಳನ್ನು ಮೊದಲು ತಮ್ಮದೇ ತೊಡಕುಗಳ ಮೇಲೆ ಮಾಡಿ, ಅನುಭವವನ್ನು ಬರೆದು ಚಿಂತಿಸುವ ಕ್ರಮದ ಫಲಿತಾಂಶವನ್ನು ಅವರು 2001ರಲ್ಲಿ ಪ್ರಕಟಿಸಿದರು. ಪುಸ್ತಕದಲ್ಲಿ ಸುಲಭವೆನಿಸಿದ ಹೋಮ್‌ವರ್ಕ್ ಮಾಡಲು ತಮಗೇ ಎಷ್ಟು ಕಷ್ಟವೆಂಬುದು ತಿಳಿದಾಗ ರೋಗಿಯ ಬಗ್ಗೆ ತಾಳ್ಮೆ, ಸಹಾನುಭೂತಿ ಹೆಚ್ಚಿತೆಂದು ಭಾಗವಹಿಸಿದವರು ಹೇಳಿಕೊಂಡರು. 2006ರಲ್ಲಿ ಅವರು ಚಿಕಿತ್ಸಕರ ಕಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ವಿಷಯಜ್ಞಾನ, ಮಾಡಿ ತಿಳಿದ ಕೌಶಲ, ಮಾಡಿದ್ದನ್ನು ಹಿಂದಿರುಗಿ ನೋಡುವ ಚಿಂತನೆ. ಉಪನ್ಯಾಸದಿಂದ ಮೊದಲನೆಯದು ಬರುತ್ತದೆ, ಉಳಿದೆರಡಕ್ಕೆ ಅಭ್ಯಾಸ ಬೇಕು. ಎಲ್ಲ ವಿದ್ಯಾರ್ಥಿಗಳಿಗೂ ಈ ಕ್ರಮ ಸಮಾನವಾಗಿ ಒದಗಲಿಲ್ಲ. ತೊಡಗಿಸಿಕೊಂಡಷ್ಟೇ ಲಾಭ ಎಂಬುದೂ ನಂತರದ ಅಧ್ಯಯನಗಳಲ್ಲಿ ಕಂಡಿತು.

ರೋಗಿಗಳ ಅನುಭವವನ್ನು ಸಂದರ್ಶನಗಳ ಮೂಲಕ ಸಂಗ್ರಹಿಸುವ ಕೆಲಸ ತಡವಾಗಿ ಬೆಳೆಯಿತು. ಚಿಕಿತ್ಸೆ ಮುಗಿದ ಮೇಲೆ ತಮಗೆ ತಾವೇ ಚಿಕಿತ್ಸಕರಾಗುವ ಬಗೆಯನ್ನು ಕೆಲವರು ವಿವರಿಸಿದ್ದಾರೆ. ಅಂಕಿಗಳಲ್ಲಿ ಸಿಗದ ಈ ಮಾತುಗಳಿಗೆ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕು.

ಇಂಗ್ಲೆಂಡ್ 2008ರಿಂದ ಸಾವಿರಾರು ಚಿಕಿತ್ಸಕರನ್ನು ತಯಾರುಮಾಡಿ ಸರ್ಕಾರಿ ಆರೋಗ್ಯ ಸೇವೆಯಲ್ಲೇ ಇದನ್ನು ಒದಗಿಸತೊಡಗಿತು. ಅರ್ಥಶಾಸ್ತ್ರಜ್ಞ ರಿಚರ್ಡ್ ಲೇಯಾರ್ಡ್ ಮತ್ತು ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಆ ಯೋಜನೆಯ ಪ್ರವರ್ತಕರು. ತಜ್ಞರು ವಿರಳವಾದ ದಕ್ಷಿಣ ಏಷ್ಯಾದಲ್ಲಿ ದಾರಿ ಬೇರೆಯಾಯಿತು. ಪಾಕಿಸ್ತಾನದ ರಾವಲ್ಪಿಂಡಿ ಗ್ರಾಮಾಂತರದಲ್ಲಿ ಖಿನ್ನತೆಯಿದ್ದ 903 ತಾಯಂದಿರನ್ನು ಒಳಗೊಂಡ ಪ್ರಯೋಗದಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರೇ ಚಿಕಿತ್ಸೆ ಕೊಟ್ಟರು. 2008ರ ವರದಿಯಂತೆ, ಹೆರಿಗೆಯಾಗಿ ಆರು ತಿಂಗಳ ಹೊತ್ತಿಗೆ ಚಿಕಿತ್ಸೆ ಪಡೆದವರಲ್ಲಿ ಶೇ. 23, ಪಡೆಯದವರಲ್ಲಿ ಶೇ. 53 ಮಂದಿಗೆ ಖಿನ್ನತೆ ಉಳಿದಿತ್ತು.

ನೀಲ್ ಜೇಕಬ್ಸನ್ 1996ರಲ್ಲಿ, ದಿನಚರಿಯಲ್ಲಿ ಚಟುವಟಿಕೆ ಹೆಚ್ಚಿಸುವ ಅಂಶವೊಂದೇ ಪೂರ್ಣ ಚಿಕಿತ್ಸೆಯಷ್ಟು ಗುಣ ಕೊಡುತ್ತದೆಂದು ತೋರಿಸಿದ್ದರು. ಆ ಅಂಶವನ್ನೇ ಆಧರಿಸಿ ವಿಕ್ರಮ್ ಪಟೇಲ್ ತಂಡ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಜನರೊಂದಿಗೆ ಪ್ರಯೋಗ ನಡೆಸಿತು. 2017ರ ವರದಿಯಲ್ಲಿ ಚೇತರಿಸಿಕೊಂಡವರು ಚಿಕಿತ್ಸೆಯ ಗುಂಪಿನಲ್ಲಿ ಶೇ. 64, ಇನ್ನೊಂದರಲ್ಲಿ ಶೇ. 39. ಚಿಕಿತ್ಸೆ ನೀಡಿದ ಸ್ಥಳೀಯ ಆಪ್ತಸಲಹೆಗಾರರಿಗೆ ಮನೋವೈದ್ಯಶಾಸ್ತ್ರದ ಹಿನ್ನೆಲೆ ಇರಲಿಲ್ಲ. ಒಬ್ಬರ ಭೇಟಿಯ ಧ್ವನಿಮುದ್ರಣವನ್ನು ಇನ್ನೊಬ್ಬರು ಕೇಳಿ ಅಂಕ ಹಾಕುವುದು ಅವರ ಮೇಲ್ವಿಚಾರಣೆಯ ಭಾಗವಾಗಿತ್ತು.